ಪಟ್ಟಿ ಬಿಚ್ಚುವ ಮೊದಲು

ಆ ಪ್ರಯೋಗಾಲಯದಲ್ಲಿ ಹದ್ದುಗಣ್ಣು ಡಾಕ್ಟರದೊಂದು ಕಟ್ಟಪ್ಪಣೆ ಇತ್ತು. ಸೂಕ್ಷ್ಮದರ್ಶಕದ ಕೆಳಗಿಡುವ ಪ್ರತಿ ಗಾಜಿನಲ್ಲೂ ರೋಗಿಯ ಹೆಸರಿನ ಮೇಲೆ ಕಪ್ಪು ಪಟ್ಟಿ ಅಂಟಿಸಿರಬೇಕು. ಅವರು ನೋಡಿ, ಗೆಡ್ಡೆಯ ದರ್ಜೆ ಬರೆದು, ಸಹಿ ಹಾಕಿದ ಮೇಲೆಯೇ ಪಟ್ಟಿ ಬಿಚ್ಚುವುದು. "ಹೆಸರು ಕಂಡ್ರೆ ಕಣ್ಣು ದಾಕ್ಷಿಣ್ಯಕ್ಕೆ ಬೀಳುತ್ತೆ" ಎನ್ನುತ್ತಿದ್ದರು. ಒಳ್ಳೆಯ ಮಾತೇ. ಎಂಥವರ ಬಾಯಲ್ಲೂ ಅಪರೂಪಕ್ಕೊಂದು ಒಳ್ಳೆಯ ಮಾತು ಬರುತ್ತದೆ.

ಗಾಜು ತಯಾರಿಸುವವಳನ್ನು ಎಲ್ಲರೂ ಬಣ್ಣದಕ್ಕ ಅನ್ನುತ್ತಿದ್ದರು. ಮೇಣದಲ್ಲಿ ಹುದುಗಿಸಿದ ಮಾಂಸದ ಚೂರನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿಗೆ ಹತ್ತಿಸಿ, ಬಣ್ಣ ಕೊಡುವುದು ಅವಳ ಇಪ್ಪತ್ತೆರಡು ವರ್ಷದ ಕಸುಬು.

ಐದು ವರ್ಷದ ಹಿಂದೆ ಅದೇ ಮೇಜಿಗೆ ಅವಳ ಅಣ್ಣನ ಮೂತ್ರಕೋಶದ ಗೆಡ್ಡೆಯ ಚೂರು ಬಂದಿತ್ತು. ಮಾಮೂಲಿ ಗುಲಾಬಿ, ನೀಲಿ ಬಣ್ಣದಲ್ಲಿ ಅದು ಸಾಧುವೋ ಉಗ್ರವೋ ಹೇಳಲಾಗಲಿಲ್ಲ. ಕಿ-67 ಅನ್ನುವ ಗುರುತಿನ ಪರೀಕ್ಷೆ ಬೇಕಾಯಿತು. ಅದರಲ್ಲಿ, ಭರದಿಂದ ಒಡೆದು ಬೆಳೆಯುವ ಜೀವಕೋಶಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಬಣ್ಣ ಹಿಡಿದಿದೆಯೋ ಇಲ್ಲವೋ ತಿಳಿಯಲು ಜೊತೆಗೊಂದು ಸಾಕ್ಷಿಗಾಜು ಇಡುತ್ತಾರೆ. ಯಾರದೋ ಗಂಟಲ ಗ್ರಂಥಿಯ ಚೂರು, ಅದು ಕಂದಾಗಲೇಬೇಕು. ಅವತ್ತು ಅದು ಬಿಳುಚಿಕೊಂಡೇ ಹೊರಬಂತು. ಸಾಕ್ಷಿಯೇ ಕೈಕೊಟ್ಟರೆ ಉಳಿದ ಗಾಜುಗಳನ್ನು ನಂಬುವುದು ಹೇಗೆ?

"ಸರ್, ಸಾಕ್ಷಿಗಾಜು ಬಣ್ಣ ಹಿಡಿದಿಲ್ಲ. ಇನ್ನೊಂದ್ಸಲ ಮಾಡ್ತೀನಿ."

"ಬಣ್ಣ ಹಚ್ಚೋಳು ಬಣ್ಣ ಹಚ್ಚು. ಓದೋಕೆ ನಾನಿದ್ದೀನಿ."

ಡಾಕ್ಟರು ಕಡಿಮೆ ದರ್ಜೆ, ಅಂದರೆ ಸಾಧು ಗೆಡ್ಡೆ, ಎಂದು ಬರೆದು ಸಹಿ ಗೀಚಿದರು. ಅವಳು ಸುಮ್ಮನಾಗದೆ ಮರುದಿನ ತಾನೇ ಹೊಸದಾಗಿ ಕೊಯ್ದು ಬಣ್ಣ ಕೊಟ್ಟಳು. ಸಾಕ್ಷಿಗಾಜು ಚೆನ್ನಾಗಿ ಕಂದಾಯಿತು, ಅಣ್ಣನ ಗಾಜು ಅದಕ್ಕಿಂತ ಹೆಚ್ಚು. ತಾವು ಹೇಳದೆ ಮಾಡಿದ ಗಾಜನ್ನು ನೋಡುವುದಿಲ್ಲ ಎಂದು ಡಾಕ್ಟರು ಮುಖ ತಿರುಗಿಸಿದರು. ಅಣ್ಣನಿಗೆ ಹೇಳಿದರೆ ಅವನು ನಕ್ಕ. "ಅಷ್ಟು ದೊಡ್ಡ ಡಾಕ್ಟ್ರನ್ನ ಬಿಟ್ಟು ನಿನ್ ಮಾತು ಕೇಳ್ಲೇನೇ?" ಹನ್ನೊಂದು ತಿಂಗಳಿಗೆ ಹೋದ.

ಅಷ್ಟಕ್ಕೇ ನಿಂತಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳೇನೋ. ಡಾಕ್ಟರು ಅಮ್ಮನನ್ನು ಕೂರಿಸಿಕೊಂಡು ಗಾಯದ ಮೇಲೆ ಬರೆ ಎಳೆದರು: "ಇದು ಸಾಯೋ ಕಾಯಿಲೆ ಅಲ್ಲಮ್ಮ. ಮನೇಲಿ ಸರಿಯಾಗಿ ನೋಡ್ಕೊಂಡಿಲ್ಲ." ಅಂದಿನಿಂದ ಅಮ್ಮ ಸೊಸೆಯೊಡನೆ ಮಾತು ಬಿಟ್ಟಳು. ಗಂಡನ ಪ್ರತಿ ತಪಾಸಣೆಯ ದಿನಕ್ಕೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದ ಅತ್ತಿಗೆ, ಒಂದೇ ಸೂರಿನಡಿ ನಾಲ್ಕು ವರ್ಷದಿಂದ ಕೊಲೆಗಾತಿಯ ಹಾಗೆ ತಲೆ ತಗ್ಗಿಸಿ ಓಡಾಡುತ್ತಿದ್ದಳು. ಬಣ್ಣದಕ್ಕ ಎಷ್ಟು ಹೇಳಿದರೂ ಅಮ್ಮನದು ಒಂದೇ ಪ್ರಶ್ನೆ. "ಡಾಕ್ಟ್ರು ಸಹಿ ಹಾಕಿದ್ದು ಸುಳ್ಳಾ?"

ಆ ಸಹಿ ಬದಲಾಗಬೇಕಿತ್ತು. ಅಣ್ಣನ ಕಂದು ಗಾಜು ಅವಳ ಡ್ರಾಯರಿನಲ್ಲೇ ಇತ್ತು, ಹೊಟ್ಟೆಯೊಳಗಿನ ಕಿಚ್ಚೂ ಹಾಗೆಯೇ ಇತ್ತು.

ಒಂದು ಮಂಗಳವಾರ ಬೆಳಿಗ್ಗೆ ಹದ್ದುಗಣ್ಣು ಡಾಕ್ಟರೇ ಅವಳ ಮೇಜಿಗೆ ಬಂದರು. ಮುಖದಲ್ಲಿ ರಕ್ತವಿರಲಿಲ್ಲ, ಅದು ಮೂತ್ರದಲ್ಲಿ ಹೋಗುತ್ತಿತ್ತು. ಅವರ ಮೂತ್ರಕೋಶದಿಂದ ತೆಗೆದ ಚೂರಿನ ಮೇಣದ ಬಿಲ್ಲೆ ಅವರ ಕೈಯಲ್ಲೇ ಇತ್ತು. ಮಾಮೂಲಿ ಬಣ್ಣದಲ್ಲಿ ಇದೂ ಗಡಿಯ ಮೇಲೆ ನಿಂತಿತ್ತಂತೆ.

"ಕಿ-67 ಮಾಡಿಕೊಡಮ್ಮ. ಮೊದಲು ನಾನೇ ಓದ್ತೀನಿ."

ಅಮ್ಮ! ಐದು ವರ್ಷಕ್ಕೆ ಬಣ್ಣ ಹಚ್ಚೋಳು ಅಮ್ಮ ಆಗಿದ್ದಳು. ಅವಳಿಗೆ ನಗು ಬಂತು. ಒಂದು ದ್ರಾವಣ ಹಳಸಿದ್ದರೆ ಸಾಕು, ಇವರ ಗತಿಯೂ ಅಣ್ಣನ ಗತಿಯೇ. ಆ ಯೋಚನೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಸಾಕಷ್ಟು ಹೊತ್ತು ಕೂತಿತ್ತು ಕೂಡ. ಆದರೆ ಇವರು ಸತ್ತರೆ ಸಹಿ ತಿದ್ದುವವರು ಯಾರು? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರೆ. ಅವಳಿಗೆ ಈ ಹಾವು ಬದುಕಿಯೇ ಬೇಕಿತ್ತು. ಹೊಸ ದ್ರಾವಣ ಕಲಸಿ, ಗಡಿಯಾರ ನೋಡುತ್ತ, ಜನ್ಮದಲ್ಲೇ ಮಾಡದಷ್ಟು ಶ್ರದ್ಧೆಯಿಂದ ಬಣ್ಣ ಕೊಟ್ಟಳು.

ಮಧ್ಯಾಹ್ನ ಅವರ ಮುಂದೆ ಪಟ್ಟಿ ಅಂಟಿಸಿದ ಎರಡು ಗಾಜು ಇಟ್ಟಳು.

"ಎರಡ್ಯಾಕೆ?"

"ಒಂದು ನಿಮ್ಮದು, ಇನ್ನೊಂದು ಬೇರೆಯವರದ್ದು. ಬರೆದು ಸಹಿ ಹಾಕಿದ ಮೇಲೆ ಪಟ್ಟಿ ಬಿಚ್ಚೋದು. ನಿಮ್ಮದೇ ಪದ್ಧತಿ, ಸರ್."

ಮೊದಲನೆಯದಕ್ಕೆ ಕಣ್ಣಿಟ್ಟರು. ಗಾಜಿನ ತುಂಬ ಕಂದು. "ಹೆಚ್ಚಿನ ದರ್ಜೆ. ತಕ್ಷಣ ಚಿಕಿತ್ಸೆ ಆಗಬೇಕು" ಎಂದು ಬರೆದು, ಸಹಿ ಹಾಕಿದರು. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಕಡಿಮೆ ದರ್ಜೆ ಎಂದು ಅದಕ್ಕೂ ಬರೆದರು. ಇದು ನನ್ನದಾಗಿರಲಿ ಎಂದು ಬೇಡಿಕೊಳ್ಳುವುದು ಅವರ ತುಟಿಯಲ್ಲೇ ಕಾಣುತ್ತಿತ್ತು.

ಅವಳು ಮೊದಲನೆಯ ಪಟ್ಟಿ ಬಿಚ್ಚಿದಳು.

"ನಮ್ಮಣ್ಣ. ನೀವು ನೋಡಲ್ಲ ಅಂದ ಗಾಜು. ಈಗ ನೋಡಿದ್ರಿ, ಸಹಿನೂ ಹಾಕಿದ್ರಿ."

ಡಾಕ್ಟರ ಮುಖ ಕಪ್ಪಿಟ್ಟಿತು. ಆದರೂ ಮನುಷ್ಯ ನೋಡಿ, ಮೊದಲು ನೆನಪಾಗುವುದು ತನ್ನ ಜೀವವೇ. "ಹಾಗಾದ್ರೆ ಕಡಿಮೆ ದರ್ಜೆದು ನಂದು" ಎಂದು ಉಸಿರುಬಿಟ್ಟವರು, ಮರುಕ್ಷಣವೇ ಬೆಚ್ಚಿಬಿದ್ದರು. "ಸಾಕ್ಷಿಗಾಜು? ಬಣ್ಣ ಹಿಡಿದಿತ್ತಾ?"

ಈ ಪ್ರಶ್ನೆಗಾಗಿ ಅವಳು ಐದು ವರ್ಷ ಕಾದಿದ್ದಳು.

"ಬಣ್ಣ ಹಚ್ಚೋಳನ್ನ ಕೇಳ್ತೀರಾ ಸರ್?"

"ಹೇಳು ತಾಯಿ, ಕೈ ಮುಗೀತೀನಿ."

ಅವಳು ಮನೆಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಮೇಜಿನ ಮೇಲಿಟ್ಟಳು. "ಅಮ್ಮ ಇದ್ದಾಳೆ. ಮೊದಲು ಅವಳಿಗೆ ಹೇಳಿ. ಆಮೇಲೆ ನಾನು ಹೇಳ್ತೀನಿ."

ಡಾಕ್ಟರು ಹೇಳಿದರು. ತಡವರಿಸುತ್ತ, ನುಂಗುತ್ತ ಹೇಳಿದರು. ತಪ್ಪು ಓದಿದ್ದು ತಾನು, ಸೊಸೆಯದು ಏನೂ ತಪ್ಪಿರಲಿಲ್ಲ. ಆ ಕಡೆಯಿಂದ ಅಮ್ಮ ಕೂಗಿದ್ದು ಮಗಳನ್ನಲ್ಲ, ಡಾಕ್ಟರನ್ನೂ ಅಲ್ಲ. ನಾಲ್ಕು ವರ್ಷದಿಂದ ಕರೆಯದಿದ್ದ ಸೊಸೆಯನ್ನು.

ಬಣ್ಣದಕ್ಕ ಫೋನು ಆರಿಸಿದಳು. ಜೇಬಿನಿಂದ ಸಾಕ್ಷಿಗಾಜು ತೆಗೆದು ಅವರ ಮುಂದಿಟ್ಟಳು. ಅದು ಅಚ್ಚ ಕಂದಾಗಿತ್ತು.

"ಬದುಕಿಸಿದೆ ತಾಯಿ" ಎಂದು ಡಾಕ್ಟರು ಅತ್ತರು.

"ಹೌದು" ಎಂದಳು ಅವಳು. "ನೀವು ನಮ್ಮಣ್ಣನಿಗೆ ಅದನ್ನ ಮಾಡಲಿಲ್ಲ."

ಅಣ್ಣನ ವರದಿಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟಳು.