ನಿಜಾಮನ ಶಿಕಾರಿ ಗಾಡಿ

ಬೀದರಿನ ಚಿದ್ರಿಯ ಗಿಡಿಯೋನನಿಗೆ ಎಪ್ಪತ್ತೈದು ತುಂಬಿತ್ತು. ಐವತ್ತು ವರ್ಷ ವೆಲ್ಡಿಂಗ್ ಬೆಳಕು ನೋಡಿದ ಕಣ್ಣು ಮಂಜಾಗಿತ್ತು, ಸುತ್ತಿಗೆಯ ಸದ್ದಿಗೆ ಕಿವಿ ಅರ್ಧ ಹೋಗಿತ್ತು. ನಾಲಿಗೆಗೆ ಮಾತ್ರ ತುಕ್ಕು ಹಿಡಿದಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಪೈಕಿ ಈ ಜಿಲ್ಲೆಯ ಜನ ಎಂದು ಆತ ಬಹಳ ಹಿಂದೆಯೇ ತೀರ್ಮಾನಿಸಿದ್ದ. ಆ ತೀರ್ಮಾನಕ್ಕೆ ಕಾರಣ ಭಾಲ್ಕಿಯ ತೊಗರಿ ವ್ಯಾಪಾರಿ ಮನ್ಮಥಪ್ಪನವರ ಮನೆಯ ಮುಂದೆ ನಿಂತಿದ್ದ ಒಂದು ಗಾಡಿ.

ಮುಂದಿನಿಂದ ನೋಡಿದರೆ ಅದು ವಿಲಾಯತಿ ಕಾರು. ಕಪ್ಪೆಗಣ್ಣಿನ ದೀಪ, ಉದ್ದನೆಯ ಮೂತಿ, ಚಂದ ಬಾಗಿದ ಮಡ್‌ಗಾರ್ಡು. ಮುಂದಿನ ಸೀಟು ದಾಟಿದರೆ ಕಾರು ಮುಗಿದು ಜಾಲಿ ಹಲಗೆಯ ತೊಟ್ಟಿ ಶುರುವಾಗುತ್ತಿತ್ತು, ಹತ್ತು ಚೀಲ ತೊಗರಿ ಹಿಡಿಸುವ ತೊಟ್ಟಿ. ಜನ ಅದನ್ನು ನಿಜಾಮನ ಶಿಕಾರಿ ಗಾಡಿ ಎನ್ನುತ್ತಿದ್ದರು. ಹೊಡೆದ ಹುಲಿಯನ್ನು ಹಿಂದೆ ಹಾಕಿಕೊಂಡು ಬರಲಿಕ್ಕೆಂದೇ ನಿಜಾಮ ಅದನ್ನು ಲಂಡನ್ನಿನಲ್ಲಿ ಹೇಳಿ ಮಾಡಿಸಿದ್ದನಂತೆ. ಹಲಗೆಯ ಮೇಲಿನ ಕೆಂಪು ಕಲೆ ಹುಲಿಯ ರಕ್ತವಂತೆ. ಸಾಯಗಾಂವದವರು ಹೇಳುವಂತೆ, ಮಾಂಜ್ರಾ ಹೊಳೆ ತುಂಬಿ ಬಂದಾಗ ಗಾಡಿ ತಾನೇ ಈಜಿ ದಡ ಸೇರಿತ್ತು. ಔರಾದದ ಕಡೆಯವರು ಇನ್ನೂ ಜೋರು: ಅದರಲ್ಲಿ ಕೂತು ಗಂಡನ ಮನೆಗೆ ಹೋದವಳಿಗೆ ಮೊದಲನೆಯದು ಗಂಡೇ ಹುಟ್ಟುತ್ತದಂತೆ. ರೇಡಿಯೇಟರಿನ ಮುಚ್ಚಳ ಬಿದ್ರಿ ಕೆಲಸದ್ದು, ಕಪ್ಪು ಲೋಹದಲ್ಲಿ ಬೆಳ್ಳಿ ಬಳ್ಳಿ ಕೂಡಿಸಿದ್ದು. ಅರಸನ ಗಾಡಿಗಲ್ಲದೆ ಇನ್ನಾರ ಗಾಡಿಗೆ ಅಂಥ ಮುಚ್ಚಳ ಎಂದು ಹೆಂಗಸರು ಅದಕ್ಕೆ ಕುಂಕುಮ ಹಚ್ಚುತ್ತಿದ್ದರು.

ಥೂ, ಎನ್ನುತ್ತಿದ್ದ ಗಿಡಿಯೋನ.

ಆ ಕಾರು ಹೈದರಾಬಾದಿನ ಯಾವನೋ ವಕೀಲನದು. ಒಂದು ಕೇಸಿಗೆಂದು ಭಾಲ್ಕಿಗೆ ಬಂದಾಗ ಕೆಟ್ಟು ನಿಂತಿತು. ವಕೀಲ ರೈಲು ಹತ್ತಿ ಹೋದವನು ತಿರುಗಿ ಬರಲಿಲ್ಲ. ನಾಲ್ಕು ವರ್ಷ ಕಾರು ಬೇವಿನ ಮರದ ಕೆಳಗೇ ನಿಂತಿತು, ಹಿಂದಿನ ಸೀಟಿನ ಮೇಲೆ ಊರ ಕೋಳಿಗಳು ಮೊಟ್ಟೆ ಇಟ್ಟವು. ಆಮೇಲೆ ಮನ್ಮಥಪ್ಪ ಅದನ್ನು ಗುಜರಿ ಲೆಕ್ಕದಲ್ಲಿ ಕೊಂಡು, ಎತ್ತು ಹೂಡಿ ಮುನೀರೋದ್ದೀನ ಉಸ್ತಾದರ ಗ್ಯಾರೇಜಿಗೆ ಎಳೆಸಿದರು. ಉಸ್ತಾದರು ಇಂಜಿನ್ನಿಗೆ ಜೀವ ಕೊಟ್ಟರು. ಹಿಂಭಾಗ ಕೋಳಿ ಹಿಕ್ಕೆಯಲ್ಲಿ ಕೊಳೆತು ಹೋಗಿತ್ತು. ಅದನ್ನು ಕೊಯ್ದು ಬಿಸಾಡಿ ತೊಟ್ಟಿ ಕೂಡಿಸೋಣ ಎಂದವನು ಅಲ್ಲಿ ಕೆಲಸಕ್ಕಿದ್ದ ಇಪ್ಪತ್ತೆರಡರ ಗಿಡಿಯೋನ. ಒಂಬತ್ತು ದಿನ ಹ್ಯಾಕ್‌ಸಾ ಹಿಡಿದು ಕೊಯ್ದ. ಭಾರ ಬಿದ್ದಾಗ ಚಾಸಿಯ ನಡು ಮುರಿಯದಂತೆ ಎಲ್ಲೆಲ್ಲಿ ಪಟ್ಟಿ ಕೊಡಬೇಕೆಂದು ನೆಲದ ಮೇಲೆ ಇದ್ದಿಲಿನಲ್ಲಿ ಬರೆದ, ಅಳಿಸಿದ, ಮತ್ತೆ ಬರೆದ. ಯಾರೂ ಹೇಳಿಕೊಟ್ಟಿರಲಿಲ್ಲ.

ಹುಲಿಯ ರಕ್ತ ಅನ್ನುವುದು ರೆಡ್ ಆಕ್ಸೈಡ್ ಬಣ್ಣ. ಹೊಳೆಯಲ್ಲಿ ಗಾಡಿ ಈಜಲಿಲ್ಲ, ಸಾಯಗಾಂವದ ಹನ್ನೊಂದು ಜನ ಹಗ್ಗ ಕಟ್ಟಿ ಎಳೆದರು. ಅವರ ಮಕ್ಕಳೇ ಇವತ್ತು ಈಜಿತು ಎನ್ನುತ್ತಾರೆ, ನಾಚಿಕೆಗೆಟ್ಟವರು. ಮುಚ್ಚಳ ಕಳೆದಾಗ ಬಿದ್ರಿ ಕೆಲಸದವರ ಮುರುಕಿನ ರಾಶಿಯಿಂದ ಒಡೆದ ಹುಕ್ಕಾದ ತುಂಡು ತಂದು ಉಜ್ಜಿ ಕೂಡಿಸಿದ್ದೂ ಗಿಡಿಯೋನನೇ. ಇನ್ನು ಗಂಡು ಹುಟ್ಟುವ ಮಾತು. ಆತನ ಹೆಂಡತಿ ನವೊಮಿ ಅದೇ ಗಾಡಿಯಲ್ಲಿ ಗಂಡನ ಮನೆಗೆ ಬಂದಿದ್ದಳು. ಮೂರು ಹೆತ್ತಳು, ಮೂರೂ ಹೆಣ್ಣು.

ಮುಂದೆ ಆತ ಬೀದರಿಗೆ ಬಂದು ಗೇಟು, ಕಿಟಕಿ ಸರಳು ಬೆಸೆದು ಬದುಕು ಮಾಡಿದ. ಗೇಟನ್ನು ಯಾರು ನೋಡುತ್ತಾರೆ? ತಳ್ಳಿಕೊಂಡು ಒಳಗೆ ಹೋಗುತ್ತಾರೆ. ತಲೆ ಓಡಿಸಿ, ಲೋಕದಲ್ಲಿ ಇಲ್ಲದ್ದೊಂದನ್ನು ಆತ ಮಾಡಿದ್ದು ಆ ಗಾಡಿ ಒಂದೇ. ಸಾಯುವ ಮುಂಚೆ ಒಂದೇ ಒಂದು ಸಲ, ನಾಲ್ಕು ಜನರ ಎದುರು, ಇದನ್ನು ಗಿಡಿಯೋನ ಮಾಡಿದ ಎಂದು ಯಾರಾದರೂ ಹೇಳಬೇಕು. ಆತನಿಗೆ ಬೇಕಾದದ್ದು ಅಷ್ಟೇ.

ಆದರೆ ಒಂದು ಸಂಗತಿಯನ್ನು ಆತ ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಗಾಡಿ ಮೊದಲ ಸಲ ತೊಗರಿ ಹೇರಿಕೊಂಡು ಹೊರಟಾಗ ಔರಾದದ ದಾರಿಯ ಪೊಲೀಸ್ ನಾಕಾದಲ್ಲಿ ಜಮಾದಾರ ಅಡ್ಡ ಹಾಕಿದ. "ಕಾಗದದಾಗ ಕಾರ ಅಂತ ಅದ, ಹಿಂದ ಲಾರಿ ಅದ. ಏನಿದು?" ಎಂದು ಲಾಠಿಯಿಂದ ತೊಟ್ಟಿ ಬಡಿದ. ಮನ್ಮಥಪ್ಪನವರ ಬಾಯಿ ಒಣಗಿತು. ಸ್ಟೇರಿಂಗ್ ಹಿಡಿದಿದ್ದ ಗಿಡಿಯೋನ ಬಾಯಿಗೆ ಬಂದದ್ದು ಹೇಳಿದ: "ನಿಜಾಮ ಸಾಹೇಬರ ಶಿಕಾರಿ ಗಾಡಿ ಅದರಿ. ಹಿಂದ ಹುಲಿ ಹಾಕ್ಲಾಕ ಹಿಂಗೇ ಮಾಡಿಸ್ಯಾರ." ನಿಜಾಮನ ರಾಜ್ಯ ಹೋಗಿ ಇಪ್ಪತ್ತು ವರ್ಷ ಮೇಲಾಗಿತ್ತು. ಆದರೂ ಜಮಾದಾರ ಬೂಟು ಕೂಡಿಸಿ ಗಾಡಿಗೆ ಸಲಾಮು ಹೊಡೆದ. ಇಬ್ಬರೂ ಔರಾದ ಮುಟ್ಟುವ ತನಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಸಂತೆಯಲ್ಲಿ ಅದೇ ಮಾತನ್ನು ಬೇರೆಯವರ ಬಾಯಿಂದ ಕೇಳಿ ಇನ್ನಷ್ಟು ನಕ್ಕರು. ಹತ್ತು ವರ್ಷದ ಮೇಲೆ ಗಿಡಿಯೋನನ ನಗು ನಿಂತಿತು. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ತನಗೂ ತಗಲುತ್ತದೆಂದು ಗೊತ್ತಿದ್ದುದರಿಂದಲೇ ಆತನಿಗೆ ಊರವರ ಮೇಲೆ ಅಷ್ಟು ಸಿಟ್ಟು.

ಈ ಸಲ ಡಿಸೆಂಬರಿನಲ್ಲಿ ಮೊಮ್ಮಗಳು ಶರೋನ ಮೊಬೈಲು ತಂದು ಮುಂದೆ ಹಿಡಿದಳು. ಆಕೆ ಬೀದರಿನ ಒಂದು ದವಾಖಾನೆಯಲ್ಲಿ ನರ್ಸು. ತಾತನ ಕತೆಯನ್ನು ಪೂರ್ತಿ ಕೇಳುವ ತಾಳ್ಮೆ ಮನೆಯಲ್ಲಿ ಆಕೆಗೊಬ್ಬಳಿಗೇ ಇತ್ತು.

"ಮುತ್ಯಾ, ನಮ್ಮ ಬೀದರದಾಗ ಹಳೇ ಗಾಡಿಗೋಳ ಪ್ರದರ್ಶನ ಅದಂತ. ನಿಮ್ಮ ಗಾಡಿ ಭಿ ಬರ್ಲತ್ತದ ನೋಡ್ರಿ."

"ನನ್ನ ಗಾಡಿ ಅಂತ ನೀ ಒಬ್ಬಾಕಿ ಅಂತಿ" ಎಂದ ಗಿಡಿಯೋನ. ಮರುದಿನ ಮುಂಜಾನೆಯೇ ಭಾಲ್ಕಿಯ ಬಸ್ಸು ಹತ್ತಿದ.

ಮನ್ಮಥಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಅಮರನಾಥ ಅಂಗಡಿಯ ಗಾದಿಯಿಂದ ಎದ್ದು ಬಂದು ಕೈ ಹಿಡಿದು ಕೂರಿಸಿದ. ಮರ್ಯಾದೆಗೇನೂ ಕಮ್ಮಿಯಿಲ್ಲದ ಮನುಷ್ಯ. ಮರ್ಯಾದೆಗೆ ಖರ್ಚಿಲ್ಲವಲ್ಲ.

"ಚಾ ತಗೋರಿ ಮಾಸ್ತರ."

"ಚಾ ಆಮ್ಯಾಲ. ಗಾಡಿ ಮುಂದ ಬೋರ್ಡ ಇಡ್ತೀರಲ್ಲಾ, ಅದರಾಗ ನನಗ ಒಂದ ಸಾಲ ಬೇಕ್ರಿ. ಈ ಗಾಡಿ ಭಾಲ್ಕಿದಾಗ ಗಿಡಿಯೋನ ಮಾಡ್ಯಾನ ಅಂತ."

"ಒಂದ ಯಾಕ್ರಿ, ಎರಡ ಸಾಲ ಬರಸ್ತೇನಿ. ನೀವು ನಮ್ಮ ಮನಿ ಮನಷ್ಯಾ ಇದ್ದೀರಿ."

"ನಿಜಾಮನ ಹೆಸರ ತಗೀರಿ."

"ಅದು ಹ್ಯಾಂಗ ತಗೀಲಿ? ನಮ್ಮಪ್ಪಾರು ಸಾಯೋತನಕ ಅದೇ ಹೇಳ್ಯಾರ."

"ನಿಮ್ಮಪ್ಪಾರಿಗಿ ಅದು ಕಲಿಸಿಕೊಟ್ಟಾಂವ ನಾನೇ ಇದ್ದೀನಿ" ಎಂದು ಗಿಡಿಯೋನ ಜೀವಮಾನದಲ್ಲಿ ಮೊದಲ ಸಲ ಒಪ್ಪಿಕೊಂಡ. ನಾಕಾದ ಕತೆಯನ್ನು ಬಿಡಿಸಿ ಹೇಳಿದ. ಅಮರನಾಥ ಪೂರ್ತಿ ಕೇಳಿ, ಮುದುಕರ ಚೇಷ್ಟೆಗೆ ನಗುವಂತೆ ನಕ್ಕು, ಬಸಿಯಲ್ಲಿ ಚಹಾ ಹೊಯ್ದುಕೊಟ್ಟ. "ಭಾರಿ ಮಜಾ ಮಾಡ್ತೀರಿ ಮಾಸ್ತರ ನೀವು" ಎಂದ.

ಪ್ರದರ್ಶನದ ದಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಾಡಿಗೆ ಚೆಂಡು ಹೂವಿನ ಮಾಲೆ ಹಾಕಿದ್ದರು. ಮುಂದೆ ಬೋರ್ಡೂ ಇತ್ತು. ಅಮರನಾಥ ಎರಡು ಸಾಲು ಎಂದಿದ್ದ, ಎರಡೇ ಸಾಲು ಬರೆಸಿದ್ದ. ನಿಜಾಮರ ಶಿಕಾರಿ ವಾಹನ, ಲಂಡನ್. ಮನ್ಮಥಪ್ಪ ಮನೆತನದ ಹೆಮ್ಮೆಯ ಸಂಗ್ರಹ. ಶರೋನ ಓದಿ ಹೇಳಿದಾಗ ಗಿಡಿಯೋನನ ಮೈಯೆಲ್ಲ ಉರಿಯಿತು. ಕುರಿಗಳು ಎಂದು ಗಟ್ಟಿಯಾಗಿಯೇ ಬೈದ. ಸುತ್ತ ನಿಂತವರು ಯಾರನ್ನೋ ಬೈಯುತ್ತಿದ್ದಾನೆ ಎಂದುಕೊಂಡು ಸೆಲ್ಫಿ ತೆಗೆದುಕೊಳ್ಳುವುದರಲ್ಲಿದ್ದರು.

ಆಮೇಲೆ ಆತ ಮಾಡಿದ್ದನ್ನು ನೋಡಿ ಶರೋನಳೇ ಬೆಚ್ಚಿದಳು. ಎಪ್ಪತ್ತೈದರ ಮುದುಕ ನೆಲದ ಮೇಲೆ ಅಂಗಾತ ಮಲಗಿ, ತೆವಳಿಕೊಂಡು ಗಾಡಿಯ ಕೆಳಗೆ ಹೋದ. "ಮೊಬೈಲ್ ಬತ್ತಿ ಹಚ್ಚಿ ಹಿಡಿ" ಎಂದು ಕೂಗಿದ. ತೊಟ್ಟಿಯ ಕೆಳಗಿನ ಅಡ್ಡಪಟ್ಟಿಗೆ ಐವತ್ತು ವರ್ಷದ ಕೆಸರು ಮೆತ್ತಿತ್ತು. ಮನೆಯ ಕೀಲಿಕೈಯಿಂದ ಕೆರೆದ. ಕೆಸರು ಮುಖದ ಮೇಲೆ ಬಿದ್ದರೂ ಬಿಡಲಿಲ್ಲ. ಕೊನೆಗೆ ಬೆಸುಗೆಯಲ್ಲಿ ಎಳೆದ ಅಕ್ಷರಗಳು ಬೆರಳಿಗೆ ಸಿಕ್ಕವು. ಗಿಡಿಯೋನ ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ಕನ್ನಡದ ಗುಡಿಸು, ಕೊಂಬು ಬೆಸುಗೆಯಲ್ಲಿ ಚಂದ ಬರುವುದಿಲ್ಲ.

ಜನ ಮುಗಿಬಿದ್ದರು. ಮೈಕು ಹಿಡಿದಿದ್ದ ನಿರೂಪಕ ಇತಿಹಾಸದ ವಿಡಿಯೋ ಮಾಡುವ ಯುವಕ. ಅವನೂ ಬಗ್ಗಿ ನೋಡಿದ. "ಗಿಡಿಯೋನ ಅಂದ್ರ ಯಾರು?"

"ನಾನೇ" ಎಂದ ಗಿಡಿಯೋನ ಕೆಳಗಿನಿಂದಲೇ. ಆ ಒಂದು ಮಾತು ಹೇಳುವಾಗ ಆತನಿಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

"ಯಾವ ವರ್ಷ ಅಂತ ಬರದಿಲ್ಲಲ್ರಿ?"

ಬರೆದಿರಲಿಲ್ಲ. ವೆಲ್ಡಿಂಗ್ ರಾಡು ಹಾಳು ಮಾಡಿದರೆ ಉಸ್ತಾದರು ಬೈಯುತ್ತಿದ್ದರು, ಹೆಸರಿಗೇ ಒಂದು ರಾಡು ಮುಗಿದಿತ್ತು. ಗಿಡಿಯೋನ ಅದನ್ನು ವಿವರಿಸುತ್ತ ಹೊರಗೆ ತೆವಳುವಷ್ಟರಲ್ಲಿ ನಿರೂಪಕನ ತಲೆ ಓಡಿಬಿಟ್ಟಿತ್ತು. ಮುತ್ಯಾನ ಹೆಸರನ್ನು ಮೊಮ್ಮಗನಿಗೆ ಇಡುವುದು ಈ ಸೀಮೆಯ ಪದ್ಧತಿ. ಅದು ಎಲ್ಲರಿಗೂ ಗೊತ್ತಿದ್ದದ್ದೇ.

"ಬಂಧುಗಳೇ!" ಎಂದು ಮೈಕು ಮೊಳಗಿತು. "ಇಂದು ಇತಿಹಾಸವೇ ಬಯಲಾಗಿದೆ! ನಿಜಾಮರ ಖಾಸಾ ಕಾರಖಾನೆಯ ಗಿಡಿಯೋನ ಸಾಹೇಬರ ಸಹಿ ಈ ಗಾಡಿಯಲ್ಲಿ ಸಿಕ್ಕಿದೆ! ತಾತನ ಹೆಸರನ್ನೇ ಹೊತ್ತ ಅವರ ಮೊಮ್ಮಗ ನಮ್ಮ ನಡುವೆ ಇದ್ದಾರೆ!"

ಚಪ್ಪಾಳೆ ಬಿತ್ತು. ಎಲ್ಲಿತ್ತೋ ಏನೋ, ಒಂದು ಜರಿ ಅಂಚಿನ ಶಾಲು ಬಂತು. ಈ ಜಿಲ್ಲೆಯಲ್ಲಿ ಶಾಲಿಗೆ ಎಂದೂ ಬರವಿಲ್ಲ. ಬಾಯಿ ಮುಚ್ಚಿಸಬೇಕಾದವರ ಹೆಗಲಿಗೆ ಅದನ್ನು ಹೊದಿಸುವುದು ಇಲ್ಲಿನ ನಡಾವಳಿ. ಕೆಸರು ಮೆತ್ತಿದ ಅಂಗಿಯ ಮೇಲೆಯೇ ಹೊದಿಸಿದರು. ಗಿಡಿಯೋನ ನಿರೂಪಕನ ಕೈಯಿಂದ ಮೈಕು ಕಸಿದ.

"ನಮ್ಮ ಮುತ್ಯಾನ ಹೆಸರ ಝರೆಪ್ಪ. ಅಂವ ಮಂದಿ ಹೊಲದಾಗ ದುಡದ ಸತ್ತ, ಸೈಕಲ್ ಭಿ ಹತ್ತಿಲ್ಲ. ನಮ್ಮಪ್ಪ ಮಿಷನ್ ದವಾಖಾನಿದಾಗ ಕಸ ಹೊಡೀತಿದ್ದ. ಇದು ನಿಜಾಮಂದಲ್ಲ, ಯಾರಪ್ಪಂದೂ ಅಲ್ಲ. ನಾ ಕೊಯ್ದೀನಿ, ನಾ ಬೆಸದೀನಿ. ನಿಜಾಮನ ಸುಳ್ಳು ಭಿ ನಾನೇ ಹೇಳೀನಿ!"

ನಿರೂಪಕ ಮೆಲ್ಲನೆ ಮೈಕು ವಾಪಸು ತೆಗೆದುಕೊಂಡ. ಅವನ ದನಿ ಗದ್ಗದವಾಗಿತ್ತು. "ಎಂಥ ವಿನಯ ನೋಡಿ ಬಂಧುಗಳೇ! ದೊಡ್ಡ ಮನೆತನದವರು ತಮ್ಮ ದೊಡ್ಡಸ್ತಿಕೆಯನ್ನು ಎಂದೂ ತಮ್ಮ ಬಾಯಿಂದ ಹೇಳಿಕೊಳ್ಳುವುದಿಲ್ಲ."

ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ಯಾವಳೋ ಹೆಂಗಸು ಬಂದು ಕಾಲು ಮುಟ್ಟಿದಳು. ಅಮರನಾಥ ಕಿವಿಯ ಹತ್ತಿರ ಬಂದ. "ಹೆಸರ ಬೇಕು ಅಂದಿದ್ರಿ ಮಾಸ್ತರ. ಬಂತಲ್ರಿ?"

ಚಿದ್ರಿಗೆ ಹೋಗುವ ಆಟೋದಲ್ಲಿ ಗಿಡಿಯೋನ ದಾರಿಯುದ್ದಕ್ಕೂ ಬೈದ. ನಿರೂಪಕನನ್ನು, ಅಮರನಾಥನನ್ನು, ಸತ್ತ ಮನ್ಮಥಪ್ಪನನ್ನು, ಸಲಾಮು ಹೊಡೆದ ಜಮಾದಾರನನ್ನು, ಕಾಲು ಮುಟ್ಟಿದವಳನ್ನು. ಬೈದು ಬೈದು ಸಾಕಾಗಿ ಶಾಲನ್ನು ಕಿತ್ತು ಶರೋನಳ ತೊಡೆಯ ಮೇಲೆ ಎಸೆದ.

"ಒಲಿ ಮ್ಯಾಲಿನ ಭಾಂಡೆ ಇಳಿಸ್ಲಾಕ ಇಟ್ಕೋ."

ತಾನು ಅಳುವುದನ್ನು ಯಾರೂ ನೋಡಬಾರದೆಂದು ಹೊರಗೆ ಮುಖ ಮಾಡಿದ. "ಹೋಗ್ಲಿ ಬಿಡು. ಖರೆ ಗೊತ್ತಿದ್ದಾಕಿ ನೀ ಒಬ್ಬಾಕಿ ಇದ್ದಿಯಲ್ಲಾ, ನನಗ ಅಷ್ಟೇ ಸಾಕು."

ಶರೋನ ಶಾಲನ್ನು ನೀಟಾಗಿ ಮಡಚಿದಳು, ಕೆಸರು ತಾಗಿದ ಜಾಗವನ್ನು ಉಗುರಿನಿಂದ ಕೆರೆದಳು. ಮನೆಯ ತಿರುವು ಬಂದಾಗ ತಲೆ ಎತ್ತಿದಳು.

"ಮುತ್ಯಾ, ಸಿಟ್ಟ ಮಾಡ್ಕೋಬ್ಯಾಡ್ರಿ, ಒಂದ ಮಾತ ಕೇಳ್ತೇನಿ. ಝರೆಪ್ಪ ಮುತ್ಯಾಗ ಇನ್ನೊಂದ ಹೆಸರ ಇತ್ತೇನ್ರಿ?"