ದುರ್ಗಾಳ ಚೌಕ

ಗುಬ್ಬಿಗಳು ಇಷ್ಟು ಗಟ್ಟಿಯಾಗಿ ಕೂಗುತ್ತವೆಯೇ, ಅಥವಾ ಶಾಲೆಯೇ ಇಷ್ಟು ಸುಮ್ಮನಾಗಿದೆಯೇ, ಆಟ ಕಲಿಸುವ ಸಾಬೀರಾ ಸೀಟಿ ಹಿಡಿದು ಮೈದಾನದಂಚಿಗೆ ನಿಂತಿದ್ದಾಳೆ, ಊದುವುದಿಲ್ಲ, ಊದಿದರೂ ಯಾರೂ ಏಳಲಿಕ್ಕಿಲ್ಲ — ಖೋಖೋದ ಎಂಟು ಚೌಕ, ಏಳರಲ್ಲಿ ಹುಡುಗಿಯರು, ನಾಲ್ಕನೆಯದು ಖಾಲಿ, ಅದು ದುರ್ಗಾಳದು, ಶ್ರಾವಣದಲ್ಲಿ ಹೊಳೆ ಏರಿದ ದಿನ ಬಟ್ಟೆ ಒಗೆಯಲು ಹೋಗಿ ತಿರುಗಿ ಬಾರದ ದುರ್ಗಾಳದು, ಕೊರ್ಲಹಳ್ಳಿಯ ದಂಡೆಯ ಮೇಲೆ ಊರೆಲ್ಲ ನಿಂತಿತ್ತು, ಅತ್ತಿತು, ಆಮೇಲೆ ಅಳು ನಿಂತಿತು, ಹಾಗೆ ನಿಂತದ್ದೇ ಶಾಲೆಯೊಳಗೆ ಬಂದು ಕೂತುಬಿಟ್ಟಿತು. ಸಮಾಧಾನ ಮಾಡಲೆಂದು ಗದಗಿನಿಂದ ಬಂದವರು ಮಕ್ಕಳಿಂದ ಚಿತ್ರ ಬರೆಸಿದರು, ಎಲ್ಲರೂ ಹೊಳೆಯನ್ನೇ ಬರೆದರು, ನೀಲಿ ಬಳಪ ಮುಗಿದುಹೋಯಿತು. ಅವಳ ಹೆಸರು ಎತ್ತಬ್ಯಾಡ್ರಿ, ಮಂಜವ್ವಗ ನೋವಾಕ್ಕೈತಿ, ಎಂದವಳು ಸಾಬೀರಾಳೇ, ಮಂಜವ್ವ ದುರ್ಗಾಳ ತಾಯಿ, ಇದೇ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವವಳು, ಎಲ್ಲರೂ ಆ ಮಾತನ್ನು ಎಷ್ಟು ಚೆನ್ನಾಗಿ ಪಾಲಿಸಿದರೆಂದರೆ ಮಂಜವ್ವನ ಮುಂದೆ ಈಗ ಯಾರೂ ಯಾವ ಮಾತನ್ನೂ ಆಡುವುದಿಲ್ಲ, ತಾಟು ಹಿಡಿಯುತ್ತಾರೆ, ಹೋಗುತ್ತಾರೆ. ಮುಂಡರಗಿಯ ಪಂದ್ಯದಿಂದ ಶಾಲಿ ಹೆಸರು ಹಿಂದ ತಗೋಳೂಣ್ರಿ, ಫಕ್ಕೀರಪ್ಪ ಮಾಸ್ತರು ಮುಂಜಾನೆ ಅಂದರು, ಸಂಜೀ ಒಳಗ ಹೇಳ್ರಿ, ಹೇಳಬೇಕು, ಏನು ಹೇಳುವುದು, ನಾಲ್ಕನೆಯ ಚೌಕಕ್ಕೆ ಹೋಗವ್ವಾ ನೂರೀನ, ಇಲ್ರಿ ಅಕ್ಕೋರ, ನಾ ಅಲ್ಲಿ ಕುಂಡ್ರಂಗಿಲ್ಲ, ಯಾರೂ ಕೂರುವುದಿಲ್ಲ, ಅಟ್ಟಿಸಿಕೊಂಡು ಓಡಬೇಕಾದ ರುಹಿ ಆ ಖಾಲಿ ಜಾಗದ ಹತ್ತಿರ ಬಂದಾಗಲೆಲ್ಲ ಮುಳ್ಳು ತುಳಿದವಳಂತೆ ನಿಲ್ಲುತ್ತಾಳೆ, ಈಗಲೂ ನಿಂತಿದ್ದಾಳೆ —

ಅಡುಗೆಕೋಣೆಯ ಬಾಗಿಲು ಧಡಾರ್ ಎಂದಿತು, ಮಂಜವ್ವ ಬರುತ್ತಿದ್ದಾಳೆ, ಸೀರೆ ಎತ್ತಿ ಕಟ್ಟಿಕೊಂಡು, ಒದ್ದೆ ಕೈ ಒರೆಸಿಕೊಳ್ಳುತ್ತ, ತಡೆಯಬೇಕು ಅನಿಸುತ್ತದೆ ಸಾಬೀರಾಳಿಗೆ, ಅಷ್ಟರಲ್ಲಿ ಮಂಜವ್ವನ ಕೂಗು, ನನ್ನ ಮಗಳು ಸತ್ತಾಳ, ನಿಮ್ಮ ಬಾಯಿ ಯಾಕ ಸತ್ತಾವಲೇ, ಅವಳು ನೇರ ನಾಲ್ಕನೆಯ ಚೌಕಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತಳು, ಯವ್ವಾ ನನ್ನ ಮೊಣಕಾಲ, ಮಾರಿ ಈ ಕಡಿನೋ ಆ ಕಡಿನೋ? ಆ ಕಡಿರಿ ದೊಡ್ಡವ್ವಾ, ನೂರೀನಳ ದನಿ, ಎಷ್ಟು ದಿನಕ್ಕೆ ಮಂಜವ್ವನೊಡನೆ ಆಡಿದ ಮಾತು. ಖೋ ಕೊಡಲೇ ರುಹಿ, ಅನ್ನ ಆರತೈತಿ, ನನ್ನ ಬೆನ್ನೇನು ಸುಡ್ತೈತೇನು? ಖೋ ಕೊಟ್ಟವಳು ಎದ್ದವಳ ಜಾಗದಲ್ಲಿ ತಾನೇ ಕೂರಬೇಕು, ಅದು ಆಟದ ನಿಯಮ, ರುಹಿಗೆ ಗೊತ್ತು, ಮಂಜವ್ವನಿಗೂ ಗೊತ್ತು, ಗೊತ್ತಿದ್ದೇ ಕೂತಿದ್ದಾಳೆ, ಯಾ ಅಲ್ಲಾ, ಸೀಟಿ ಊದಿದವರು ಯಾರು, ನಾನೇ ಊದಿದೆನೇ — ಗೆರೆ ಹಾಕಿದ ಸುಣ್ಣ ಇನ್ನೂ ಮೆತ್ತಿರುವ ಕೈ ಎತ್ತಿ ರುಹಿ ಮಂಜವ್ವನ ಬೆನ್ನಿಗೆ ಹೊಡೆದಳು, ಖೋ! ಗುಬ್ಬಿಗಳು ಎದ್ದು ಹಾರಿದವು, ಮಂಜವ್ವ ಎದ್ದಳು, ತಪ್ಪಿಸಿಕೊಳ್ಳುವ ಹುಡುಗಿಯರ ಹಿಂದೆ ಓಡಿದಳು, ಗೆರೆ ದಾಟಿ ಅಡ್ಡಾದಿಡ್ಡಿ, ಫೌಲ್ ಆತು ದೊಡ್ಡವ್ವಾ, ಫೌಲ್ ನಿಮ್ಮಪ್ಪಗ ಹೇಳ ಹೋಗ, ಕಿಟಕಿಗಳ ತುಂಬ ಮಕ್ಕಳು, ಕೇಕೆ, ನಗು, ದುರ್ಗಾ ಇದ್ದಿದ್ದರ ಇಷ್ಟೊತ್ತಿಗೆ ಹಿಡೀತಿದ್ದಳು ಎಂದು ಯಾರೋ ಕೂಗಿದರು, ಹೆಸರು ಗಾಳಿಯಲ್ಲಿ ತೇಲಿತು, ಯಾರಿಗೂ ಏನೂ ಆಗಲಿಲ್ಲ, ನಾಲ್ಕನೆಯ ಚೌಕದಲ್ಲಿ ರುಹಿ ಗದ್ದ ಎತ್ತಿ ಕೂತಿದ್ದಾಳೆ, ಕೂತೇ ಇದ್ದಾಳೆ, ಹೆಸರು ಇರ್ಲಿರಿ ಸರ್, ಮುಂಡರಗಿಗೆ ಹೊಕ್ಕೀವಿ, ಫಕ್ಕೀರಪ್ಪ ಮಾಸ್ತರರ ಕೋಣೆಯತ್ತ ಸಾಬೀರಾಳ ಗಂಟಲು ಹರಿಯುವಂಥ ಕೂಗು, ಮಂಜವ್ವನ ಸೀರೆಯ ಬೆನ್ನ ಮೇಲೆ ಐದು ಬೆರಳಿನ ಸುಣ್ಣದ ಅಂಗೈ, ಕಂಬ ಸುತ್ತುತ್ತಾಳೆ, ಆ ಅಂಗೈ, ತಿರುಗುತ್ತಾಳೆ, ನೂರೀನ ನಗುತ್ತ ಅಳುತ್ತಿದ್ದಾಳೆ, ಮತ್ತೆ ಆ ಅಂಗೈ, ಬಿಸಿಲಲ್ಲಿ ಬೆಳ್ಳಗೆ, ಆ ಪುಟ್ಟ ಅಂಗೈ