ದಪ್ಪಕ್ಕ ನುಂಗಿದ ಮಾತ್ರೆ

ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಹೆಂಗಸರು ಒಬ್ಬೊಬ್ಬರು ಒಂದೊಂದು ದೇಶದವರು. ದಪ್ಪಕ್ಕ ಕಡಲಾಚೆಯವಳು, ಬಾಗಿಲಲ್ಲಿ ನಿಂತಳೆಂದರೆ ಬೆಳಕಿಗೂ ದಾರಿಯಿಲ್ಲ. ಅವಳ ಎದುರು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದು ಮಡಚುವವಳು ಕಡ್ಡಿ. ಜೋರಾಗಿ ಗಾಳಿ ಬೀಸಿದರೆ ಅವಳನ್ನೇ ಹಿಡಿದುಕೊಳ್ಳಬೇಕು. ಹುಟ್ಟಿದ ಊರು, ಅಡುಗೆ, ದೇವರು ಎಲ್ಲ ಬೇರೆಯಾದರೂ ಇಬ್ಬರೂ ಅಕ್ಕತಂಗಿಯರ ಹಾಗಿದ್ದರು.

ಕೆಲಸಗಾರರ ರಕ್ತ ಪರೀಕ್ಷೆಯಾಯಿತು. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು, ದಪ್ಪಕ್ಕನದು ಸರಿಯಾಗಿದೆ, ಕಡ್ಡಿಗೇ ಕೊಲೆಸ್ಟರಾಲ್ ವಿಪರೀತ ಅಂದರು.

"ಸಣ್ಣಗಿದ್ದೀನಿ ಅಂತ ಮೈಮರೀಬೇಡಿ. ನಿಮ್ಮ ಕಡೆಯವರಲ್ಲಿ ತೆಳ್ಳಗಿರೋ ಹೆಂಗಸರಿಗೂ ಹೃದಯದ ಕಾಯಿಲೆ ಬೇಗ ಬರೋದುಂಟು. ಮಾತ್ರೆ ಬಿಡ್ಬೇಡಿ, ಕರಿದದ್ದು ಮುಟ್ಬೇಡಿ."

ಇಸ್ತ್ರಿ ಕೋಣೆಯಲ್ಲಿ ಈ ಸುದ್ದಿಗೆ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. "ರಕ್ತದ ಸೀಸೆ ಅದಲುಬದಲಾಗಿದೆ ಕಣ್ರೇ!" ಅಲ್ಲಿಗೆ ತೀರ್ಪು ಆಗಿಹೋಯಿತು. ಇನ್ನೊಮ್ಮೆ ಸೂಜಿ ಚುಚ್ಚಿಸಿ ನೋಡೋಣವೆಂದು ಒಬ್ಬ ಮಹಾತಾಯಿಗೂ ಹೊಳೆಯಲಿಲ್ಲ. ಕನ್ನಡಿಯೇ ಸಾಕ್ಷಿ ಹೇಳುತ್ತಿರುವಾಗ ಡಾಕ್ಟರು ಯಾರಿಗೆ ಬೇಕು?

ಕಡ್ಡಿ ಮಾತ್ರೆಯ ಪೊಟ್ಟಣವನ್ನು ದಪ್ಪಕ್ಕನ ಕೈಗೆ ತುರುಕಿದಳು. "ಇದು ನಿಂದೇ ಅಕ್ಕ. ನಮ್ಮಮ್ಮನೂ ಹೀಗೇ ಒಲೆ ಮುಂದೆ ಕೂತಲ್ಲೇ ಹೋಗ್ಬಿಟ್ಲು. ನೀನೂ ಹೋದ್ರೆ ನಂಗ್ಯಾರಿದಾರೆ?"

ದಪ್ಪಕ್ಕನ ಕಣ್ಣು ತುಂಬಿತು. ತನ್ನ ಮೈ ನೋಡಿ ನಗುವವರೇ ಹೆಚ್ಚು, ಹೆದರುವವಳು ಇವಳೊಬ್ಬಳೇ. ದಿನಾ ಊಟವಾದ ಮೇಲೆ ಕಡ್ಡಿಯ ಎದುರಿಗೇ ಮಾತ್ರೆ ನುಂಗಿದಳು. ಮುಗಿದರೆ ಕಡ್ಡಿಯೇ ಹೋಗಿ ಮತ್ತೆ ತರುತ್ತಿದ್ದಳು. ಯಾರಾದರೂ ಕರಿದದ್ದು ಹಂಚಿದರೆ, "ನಿಂಗಾಗಲ್ಲ, ಕೊಡಿಲ್ಲಿ" ಎಂದು ದಪ್ಪಕ್ಕನ ಪಾಲನ್ನೂ ತಾನೇ ತಿನ್ನುತ್ತಿದ್ದಳು.

ಇತ್ತೀಚೆಗೆ ಕಡ್ಡಿ ಆಗಾಗ ದವಡೆ ಒತ್ತಿಕೊಳ್ಳುವುದನ್ನು ದಪ್ಪಕ್ಕ ನೋಡಿದಳು. ಅದೇಕೋ ಮನಸ್ಸಿಗೆ ಸರಿಬರಲಿಲ್ಲ.

"ಡಾಕ್ಟ್ರ ಹತ್ರ ಹೋಗೋಣ ಬಾರೇ."

"ಹಲ್ಲುನೋವಿಗೆಲ್ಲ ಏನು ಡಾಕ್ಟ್ರು? ಮೊದ್ಲು ನಿನ್ನ ಎದೆ ನೋಡ್ಕೋ."

ಒಂದು ಮಧ್ಯಾಹ್ನ ಬೆಡ್‌ಶೀಟು ಮಡಚುತ್ತಿದ್ದಾಗ ಆಚೆಯ ತುದಿ ಸಡಿಲವಾಯಿತು. ಕಡ್ಡಿ ನೆಲಕ್ಕೆ ಕುಸಿದಿದ್ದಳು. ಮೈಯೆಲ್ಲ ತಣ್ಣನೆಯ ಬೆವರು.

ಆಸ್ಪತ್ರೆಯಲ್ಲಿ ಡಾಕ್ಟರು ಅವಸರದಿಂದ ಕೇಳಿದರು. "ಹೃದಯಾಘಾತ ಆಗಿದೆ. ಯಾವುದಾದ್ರೂ ಮಾತ್ರೆ ತಗೋತಿದ್ರಾ?"

ಕಡ್ಡಿ ಕಷ್ಟಪಟ್ಟು ತುಟಿ ಬಿಚ್ಚಿದಳು. "ನಂಗಲ್ಲ ಡಾಕ್ಟ್ರೇ... ಕಾಯಿಲೆ ಇರೋದು ಅಕ್ಕಂಗೆ. ಮೆಟ್ಟಿಲು ಹತ್ತಿ ಬಂದಿದ್ದಾಳೆ... ಮೊದ್ಲು ಅವಳನ್ನ ಕೂರ್ಸಿ."

"ಅಲ್ಲ! ಅವಳದ್ದೇ ಕಾಯಿಲೆ," ದಪ್ಪಕ್ಕ ಕಿರುಚಿದಳು. "ಅವಳ ಮಾತ್ರೆ ಎಲ್ಲಾ ನಾನೇ ನುಂಗಿದೀನಿ!"

ಮಂಚವನ್ನು ಒಳಗೆ ತಳ್ಳಿಕೊಂಡು ಓಡಿದರು. ದಪ್ಪಕ್ಕ ಅದರ ಹಿಂದೆಯೇ ಬಾಗಿಲಿನವರೆಗೂ ಓಡಿದಳು. ಅಷ್ಟು ಓಡಿದರೂ ದಪ್ಪಕ್ಕನ ಹಾಳಾದ ಎದೆಗೆ ಏನೂ ಆಗಲಿಲ್ಲ.